ತಲೆಗೆ ತಕ್ಕ ಹೆಲ್ಮೆಟ್

(ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳೂ ಪೋಷಕರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಉಳಿದದ್ದು ಹೇಳಿದಂತೆಯೇ ಇದೆ.)

ವೇದಿಕೆಗೆ ಬಂದ ಕೂಡಲೇ ಸಂಘಟಕರು ಪ್ರೀತಿಯಿಂದ ನನಗೆ ಮೈಸೂರು ಪೇಟ ತೊಡಿಸಿದರು. ಅದು ಹುಬ್ಬಿನವರೆಗೆ ಇಳಿದು ಬಂದದ್ದನ್ನೂ, ಫೋಟೋ ತೆಗೆದು ಮುಗಿಯುವವರೆಗೆ ನಾನು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತದ್ದನ್ನೂ ನೀವೆಲ್ಲರೂ ನೋಡಿದ್ದೀರಿ. ಪೇಟವನ್ನು ತೊಡುವವನ ತಲೆಯ ಮೇಲೆಯೇ ಸುತ್ತಿದರೆ ಅದು ಆ ತಲೆಯದೇ ಆಗುತ್ತದೆ. ಆದರೆ ನಮ್ಮ ಸನ್ಮಾನ ಸಮಾರಂಭಗಳ ಪೇಟ ಅಂಗಡಿಯಿಂದ ಸಿದ್ಧವಾಗಿ ಬರುವಂಥದ್ದು. ಯಾರ ತಲೆಗೂ ಸರಿಯಾಗಿ ಕೂರದಿದ್ದರೂ ಎಲ್ಲರ ತಲೆಯ ಮೇಲೂ ಎರಡು ನಿಮಿಷ ನಿಲ್ಲಬಲ್ಲದು. ಸನ್ಮಾನಕ್ಕೆ ಅಷ್ಟು ಸಾಕು. ನನ್ನ ಕಳವಳವೇನೆಂದರೆ, ನಾವು ಹೆಲ್ಮೆಟ್ಟನ್ನು ಕೊಳ್ಳುವುದೂ ಹೆಚ್ಚುಕಡಿಮೆ ಈ ಪೇಟವನ್ನು ಕೊಂಡ ಹಾಗೆಯೇ. ತಲೆಯ ಮೇಲೆ ಒಂದು ಹೆಲ್ಮೆಟ್ ಇದೆಯೇ ಎಂದು ಪೊಲೀಸರು ನೋಡುತ್ತಾರೆ, ಅದಕ್ಕೆ ಐಎಸ್‌ಐ ಗುರುತು ಇದೆಯೇ ಎಂದು ತಿಳಿದವರು ನೋಡುತ್ತಾರೆ. ಆ ಹೆಲ್ಮೆಟ್ ಈ ತಲೆಯದೇ ಎಂದು ನೋಡುವವರು ಬಹಳ ಕಡಿಮೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮು ಶಿರಸ್ತ್ರಾಣ ಎಂದರೇನು ಎಂಬುದನ್ನು ವಿವರಿಸುವಾಗ ಎರಡು ಮಾತುಗಳನ್ನು ಹೇಳುತ್ತದೆ: ಅದರ ಆಕಾರ, ವಸ್ತು ಮತ್ತು ರಚನೆ ರಕ್ಷಣೆ ಕೊಡುವಂತಿರಬೇಕು, ಮತ್ತು ಅದು ಪಟ್ಟಿಯಿಂದ ಧರಿಸಿದವರ ತಲೆಗೆ ಭದ್ರವಾಗಿ ಬಿಗಿದಿರಬೇಕು. ಮೊದಲನೆಯದನ್ನು ನೋಡಿಕೊಳ್ಳುವ ಹೊಣೆ ತಯಾರಕರದು ಮತ್ತು ಐಎಸ್‌ಐ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ್ದು. ಐಎಸ್ 4151 ಎಂಬ ಮಾನದಂಡ ಇರುವುದು ಅದಕ್ಕೆ, 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟುಗಳ ತಯಾರಿಕೆ ಮತ್ತು ಮಾರಾಟವನ್ನು ದೇಶದಲ್ಲಿ ನಿಷೇಧಿಸಿದ್ದೂ ಅದಕ್ಕೆ. ಎರಡನೆಯದು ಮಾತ್ರ ಕೊಳ್ಳುವವರ ಪಾಲಿನ ಕೆಲಸ. ಪ್ರಯೋಗಾಲಯದಲ್ಲಿ ಹೆಲ್ಮೆಟ್ಟನ್ನು ಪರೀಕ್ಷಿಸುವಾಗ ಅದನ್ನು ತೊಡಿಸುವುದು ಅದರ ಅಳತೆಗೆ ಹೊಂದುವ ಒಂದು ಕೃತಕ ತಲೆಗೆ. ಅಂದರೆ ಆ ಗುರುತು ಕೊಡುವ ಭರವಸೆಯಲ್ಲಿ ಹೇಳದೆ ಬಿಟ್ಟ ಒಂದು ಷರತ್ತು ಇದೆ: ನಿಮ್ಮ ತಲೆಗೂ ಅದು ಆ ಕೃತಕ ತಲೆಗೆ ಕೂತಂತೆಯೇ ಕೂರಬೇಕು.

ಹೆಲ್ಮೆಟ್ಟಿನ ಒಳಗೆ ಏನಿದೆ ಎಂಬುದನ್ನು ತಿಳಿಯದೆ ಈ ಷರತ್ತಿನ ತೂಕ ಗೊತ್ತಾಗುವುದಿಲ್ಲ. ಹೊರಗಿನ ಗಟ್ಟಿ ಚಿಪ್ಪನ್ನು ಎಲ್ಲರೂ ತಟ್ಟಿ ನೋಡುತ್ತಾರೆ. ತೆಂಗಿನಕಾಯಿ ಕೊಳ್ಳುವವರಂತೆ ಸದ್ದು ಕೇಳಿ ತಲೆಯಾಡಿಸುವವರೂ ಇದ್ದಾರೆ. ಜೀವ ಉಳಿಸುವ ಕೆಲಸದ ಬಹುಪಾಲನ್ನು ಮಾಡುವುದು ಅದರ ಒಳಗಿರುವ ಥರ್ಮೋಕೋಲಿನ ಪದರ. ಅಮೆರಿಕದ ಸಿ. ಎಫ್. ಲೊಂಬಾರ್ಡ್ ಅವರಿಗೆ 1953ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸದಿಂದ ಮುಂದೆ ಬಂದ ತಿಳಿವಳಿಕೆ ಇದೇ: ಪೆಟ್ಟಿನ ಶಕ್ತಿಯನ್ನು ತಡೆದು ನಿಲ್ಲಿಸುವುದಕ್ಕಿಂತ, ತಾನು ಜಜ್ಜಿಹೋಗಿ ಅದನ್ನು ನುಂಗಿಕೊಳ್ಳುವ ಪದರವೊಂದು ಒಳಗಿರಬೇಕು. ಆ ಪದರದ ಒಳಗೆ, ನಮ್ಮ ಚರ್ಮಕ್ಕೆ ತಾಗುವ ಸ್ಪಂಜು ಮತ್ತು ಬಟ್ಟೆಯ ಮೆತ್ತೆ. ಮೆತ್ತೆಯ ಕೆಲಸ ಪೆಟ್ಟು ತಡೆಯುವುದಲ್ಲ, ತಲೆಯನ್ನು ಥರ್ಮೋಕೋಲಿನ ಪಕ್ಕದಲ್ಲಿ ಅಲುಗದಂತೆ ಹಿಡಿದಿಡುವುದು.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎದುರಿಗಿರುವುದರಿಂದ ಒಂದು ಸಣ್ಣ ಲೆಕ್ಕ ಮಾಡೋಣ. ಯುರೋಪಿನ ಹೆಲ್ಮೆಟ್ ಮಾನದಂಡವಾದ ಇಸಿಇ 22 ನಿಯಮದಲ್ಲಿ ಹೆಲ್ಮೆಟ್ ತೊಡಿಸಿದ ಕೃತಕ ತಲೆಯನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಕಬ್ಬಿಣದ ಅಡಿಗಲ್ಲಿಗೆ ಬಡಿಯುತ್ತಾರೆ. ಗಂಟೆಗೆ 27 ಕಿಲೋಮೀಟರ್ ಅಷ್ಟೇ, ಸುಮಾರು 2.9 ಮೀಟರ್ ಎತ್ತರದಿಂದ ಬಿದ್ದರೆ ಬರುವ ವೇಗ ಅದು. ಆ ವೇಗದ ತಲೆ 3 ಸೆಂಟಿಮೀಟರ್ ದೂರದಲ್ಲಿ ಒಂದೇ ಸಮನಾಗಿ ನಿಧಾನಗೊಂಡು ನಿಂತರೆ, ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದಾಗ, ತಲೆ ನಿಧಾನಗೊಳ್ಳುವ ದರ ಗುರುತ್ವದ ಸುಮಾರು 95 ಪಟ್ಟು ಎಂದು ಸಿಗುತ್ತದೆ. ಅದೇ ತಲೆ 3 ಮಿಲಿಮೀಟರಿನಲ್ಲಿ ನಿಂತರೆ 950 ಪಟ್ಟು. ಆ ನಿಯಮ ಒಪ್ಪುವ ಗರಿಷ್ಠ ಮಿತಿ 275. ನಮ್ಮ ಹಾಗೂ ರಸ್ತೆಯ ನಡುವೆ ಇರುವ ಬಂಡವಾಳವೆಂದರೆ ಆ ಕೆಲವೇ ಸೆಂಟಿಮೀಟರುಗಳು. ಹೆಲ್ಮೆಟ್ ಸಡಿಲವಾಗಿದ್ದು ತಲೆಗೂ ಮೆತ್ತೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ ಉಳಿದಿದ್ದರೆ, ಆ ಜಾಗದಲ್ಲಿರುವ ಗಾಳಿ ತಲೆಯನ್ನು ಎಳ್ಳಷ್ಟೂ ನಿಧಾನ ಮಾಡುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಹೆಲ್ಮೆಟ್ ತಿರುಗಿಕೊಳ್ಳುವುದು. ಬಿದ್ದ ಸವಾರನ ತಲೆ ರಸ್ತೆಗೆ ಒಂದೇ ಸಲ ತಾಗಿ ಸುಮ್ಮನಾಗುವುದಿಲ್ಲ. ಉರುಳುತ್ತದೆ, ಜಾರುತ್ತದೆ, ಎರಡನೆಯ ಸಲ ಬಡಿಯುತ್ತದೆ. ಸಡಿಲವಾದ ಹೆಲ್ಮೆಟ್ ಮೊದಲ ಪೆಟ್ಟಿಗೇ ಹಿಂದಕ್ಕೆ ವಾಲಿ ಹಣೆಯನ್ನು ಬಯಲು ಮಾಡಿರುತ್ತದೆ, ಇಲ್ಲವೇ ಮುಂದಕ್ಕೆ ಉರುಳಿ ಹಿಂದಲೆಯ ಕಡೆಯಿಂದ ಕಳಚಿಹೋಗಿರುತ್ತದೆ. ಇಸಿಇ ನಿಯಮದಲ್ಲಿ ಇದಕ್ಕೆಂದೇ ಒಂದು ಪರೀಕ್ಷೆ ಇದೆ: ಗದ್ದದ ಪಟ್ಟಿ ಬಿಗಿದ ಹೆಲ್ಮೆಟ್ಟಿನ ಹಿಂದಿನ ಅಂಚಿಗೆ ಕೊಕ್ಕೆ ಹಾಕಿ, ಅದಕ್ಕೆ ಕಟ್ಟಿದ ಹತ್ತು ಕಿಲೋ ತೂಕವನ್ನು ಅರ್ಧ ಮೀಟರ್ ಎತ್ತರದಿಂದ ಬಿಟ್ಟಾಗ, ಹೆಲ್ಮೆಟ್ 30 ಡಿಗ್ರಿಗಿಂತ ಹೆಚ್ಚು ತಿರುಗಬಾರದು. ಪಟ್ಟಿ ಬಿಗಿದಿದ್ದರೂ ಈ ಪರೀಕ್ಷೆ ಬೇಕಾಗಿದೆ ಎಂಬುದನ್ನು ಗಮನಿಸಿ. ಹೆಲ್ಮೆಟ್ ದೊಡ್ಡದಾಯಿತು ಎಂದು ದೂರುವ ಗ್ರಾಹಕನಿಗೆ ಅಂಗಡಿಯವರು "ಬೆಲ್ಟ್ ಟೈಟ್ ಮಾಡಿಕೊಳ್ಳಿ ಸಾರ್, ಸರಿ ಹೋಗುತ್ತೆ" ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಸರಿಹೋಗುವುದಿಲ್ಲ. ಪಟ್ಟಿ ಹೆಲ್ಮೆಟ್ಟನ್ನು ಗದ್ದಕ್ಕೆ ಕಟ್ಟುತ್ತದೆಯೇ ಹೊರತು ನೆತ್ತಿಗೆ ಕೂರಿಸುವುದಿಲ್ಲ.

ನನ್ನ ಮೊದಲ ಹೆಲ್ಮೆಟ್ಟಿನ ಕಥೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ಗಾಳಿಯಾಡಲಿ, ಸೆಕೆ ಆಗದಿರಲಿ ಎಂದು ಕೈಗೆ ಸಿಕ್ಕವುಗಳಲ್ಲಿ ದೊಡ್ಡದನ್ನೇ ಆರಿಸಿದ್ದೆ. ತುಮಕೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುವಾಗ ಎದುರುಗಾಳಿ ಅದರೊಳಗೆ ಹೊಕ್ಕು ಇಡೀ ಹೆಲ್ಮೆಟ್ಟನ್ನು ಮೇಲಕ್ಕೆ ಎತ್ತುತ್ತಿತ್ತು, ಪಟ್ಟಿ ಗಂಟಲನ್ನು ಒತ್ತುತ್ತಿತ್ತು. ಪಕ್ಕದಲ್ಲಿ ಲಾರಿ ಬರುತ್ತಿದೆಯೇ ಎಂದು ಬಲಕ್ಕೆ ತಿರುಗಿದಾಗ ತಲೆ ತಿರುಗಿತು, ಹೆಲ್ಮೆಟ್ ತಿರುಗಲಿಲ್ಲ. ನನಗೆ ಕಂಡದ್ದು ರಸ್ತೆಯಲ್ಲ, ಒಳಗಿನ ಸ್ಪಂಜು. ಅಂದೇ ಅದನ್ನು ಬದಲಿಸಬೇಕೆಂದು ತೀರ್ಮಾನಿಸಿದೆ, ಮತ್ತು ಎಲ್ಲರೂ ಮಾಡುವ ಇನ್ನೊಂದು ತಪ್ಪನ್ನು ಮಾಡಿದೆ. ಎರಡನೆಯದು ಎಷ್ಟು ಬಿಗಿಯಾಗಿತ್ತೆಂದರೆ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಹಣೆ ಸಿಡಿಯುತ್ತಿತ್ತು. ಚಹಾಕ್ಕೆ ನಿಲ್ಲಿಸಿ ಕಳಚಿದರೆ ಹಣೆಗೆ ಅಡ್ಡಗಂಧ ಎಳೆದ ಹಾಗೆ ಕೆಂಪು ಗೆರೆ. ಅಂಥ ಹೆಲ್ಮೆಟ್ಟುಗಳ ಗತಿ ನಿಮಗೆ ಗೊತ್ತೇ ಇದೆ: ಮೊದಲು ಕನ್ನಡಿಗೆ ತೂಗುತ್ತವೆ, ಆಮೇಲೆ ಮೊಳಕೈಗೆ, ಪೊಲೀಸರು ಕಂಡಾಗ ಮಾತ್ರ ತಲೆಗೆ.

ಎರಡನೆಯದರ ಅಳತೆ ನನ್ನ ತಲೆಯ ಅಳತೆಯೇ ಆಗಿತ್ತು ಎಂಬುದು ನನಗೆ ಬಹಳ ಕಾಲ ಒಗಟಾಗಿ ಉಳಿದಿತ್ತು. ಇಂದಿನ ಉಪನ್ಯಾಸದ ತಿರುಳು ಆ ಒಗಟಿನ ಉತ್ತರದಲ್ಲಿಯೇ ಇದೆ. ನಮ್ಮಲ್ಲಿ ಹೆಲ್ಮೆಟ್ಟಿನ ಮೇಲೆ 560, 580, 600 ಎಂದು ಮಿಲಿಮೀಟರಿನಲ್ಲಿಯೋ, ಸ್ಮಾಲ್, ಮೀಡಿಯಂ, ಲಾರ್ಜ್ ಎಂದೋ ನಮೂದಿಸಿರುತ್ತಾರೆ. ಆ ಸಂಖ್ಯೆ ಹೇಳುವುದು ತಲೆಯ ಸುತ್ತಳತೆಯನ್ನು ಮಾತ್ರ. ತಲೆ ದುಂಡಗಿನ ಚೆಂಡಾಗಿದ್ದರೆ ಅಷ್ಟೇ ಸಾಕಾಗುತ್ತಿತ್ತು. ಮೇಲಿನಿಂದ ನೋಡಿದರೆ ಅದು ಮೊಟ್ಟೆಯಂತೆ ಉದ್ದುದ್ದ. ಎಷ್ಟು ಉದ್ದ, ಎಷ್ಟು ಅಗಲ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಹಣೆಯಿಂದ ಹಿಂದಲೆಗೆ 20 ಸೆಂಟಿಮೀಟರ್, ಕಿವಿಯ ಮೇಲೆ ಅಡ್ಡಕ್ಕೆ 15.5 ಸೆಂಟಿಮೀಟರ್ ಇರುವ ಒಂದು ತಲೆಯನ್ನು ಊಹಿಸಿಕೊಳ್ಳಿ. ಉದ್ದ 19, ಅಗಲ 16.5 ಇರುವ ಇನ್ನೊಂದನ್ನು ಅದರ ಪಕ್ಕದಲ್ಲಿಡಿ. ಎರಡನ್ನೂ ದೀರ್ಘವೃತ್ತವೆಂದು ಭಾವಿಸಿ ಸುತ್ತಳತೆ ಲೆಕ್ಕ ಹಾಕಿದರೆ ಮೊದಲನೆಯದು 56 ಸೆಂಟಿಮೀಟರ್, ಎರಡನೆಯದು 55.8. ದರ್ಜಿಯ ಟೇಪಿಗೆ ಅವೆರಡೂ ಒಂದೇ. ಆದರೆ ಮೊದಲ ತಲೆಗೆಂದು ಮಾಡಿದ ಹೆಲ್ಮೆಟ್ಟನ್ನು ಎರಡನೆಯ ತಲೆಗೆ ಹಾಕಿದರೆ ಎರಡೂ ಕಪೋಲದ ಮೇಲ್ಭಾಗದಲ್ಲಿ, ಕಣತಲೆಯ ಬಳಿ, ಅರ್ಧರ್ಧ ಸೆಂಟಿಮೀಟರ್ ಒತ್ತುತ್ತದೆ, ಹಣೆಯಲ್ಲಿ ಅಷ್ಟೇ ಸಡಿಲ ಉಳಿಯುತ್ತದೆ. ಅದಲುಬದಲು ಮಾಡಿದರೆ ಹಣೆ ನೋಯುತ್ತದೆ, ಕಿವಿಯ ಮೇಲೆ ಖಾಲಿ ಉಳಿದು ಹೆಲ್ಮೆಟ್ ಅಕ್ಕಪಕ್ಕಕ್ಕೆ ಆಡುತ್ತದೆ. ನನ್ನ ಹಣೆಯ ಅಡ್ಡಗಂಧದ ಕಾರಣ ಇದು. ನನ್ನದು ಉದ್ದ ತಲೆ; ಕೊಂಡದ್ದು ದುಂಡು ತಲೆಯ ಹೆಲ್ಮೆಟ್.

ಇಂಥ ಸಂದರ್ಭದಲ್ಲಿ ಒಂದು ಅಳತೆ ದೊಡ್ಡದನ್ನು ಕೊಂಡರೆ ನೋವು ಹೋಗುತ್ತದೆ, ಜೊತೆಗೆ ಹಿಡಿತವೂ ಹೋಗುತ್ತದೆ. ಬದಲಿಸಬೇಕಾದದ್ದು ಅಳತೆಯನ್ನಲ್ಲ, ಮಾದರಿಯನ್ನು, ಅಗತ್ಯವಿದ್ದರೆ ಕಂಪನಿಯನ್ನು. ಪ್ರತಿ ತಯಾರಕರೂ ತಮ್ಮದೇ ಅಚ್ಚಿನ ತಲೆಯನ್ನು ಇಟ್ಟುಕೊಂಡು ಹೆಲ್ಮೆಟ್ ರೂಪಿಸುತ್ತಾರೆ. ನಮ್ಮ ಬೆಳಗಾವಿಯ ವೇಗಾ ಆಗಲಿ, ಸ್ಟಡ್ಸ್, ಸ್ಟೀಲ್‌ಬರ್ಡ್ ಆಗಲಿ, ಹೊರದೇಶದಿಂದ ಬರುವ ದುಬಾರಿ ಹೆಲ್ಮೆಟ್ಟುಗಳಾಗಲಿ, ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳುವವರಿಗೆ ನಾನು ಮರಳಿ ಕೇಳುವ ಪ್ರಶ್ನೆ ಒಂದೇ: ನಿಮ್ಮ ತಲೆ ಎಂಥದ್ದು? ಮೂವತ್ತು ಸಾವಿರದ, ಆದರೆ ತಲೆಗೆ ಹೊಂದದ ಹೆಲ್ಮೆಟ್ಟಿಗಿಂತ, ಐಎಸ್‌ಐ ಗುರುತಿದ್ದು ತಲೆಗೆ ಹೊಂದುವ ಸಾವಿರದೈನೂರರ ಹೆಲ್ಮೆಟ್ ಮೇಲು ಎಂದು ನಾನು ನಂಬಿದ್ದೇನೆ.

ಕೊಳ್ಳಲು ಹೋಗುವ ಮುಂಚೆ ಮನೆಯಲ್ಲಿಯೇ ಅಳೆದುಕೊಳ್ಳಿ. ದರ್ಜಿಯ ಟೇಪನ್ನು ಹುಬ್ಬಿನಿಂದ ಒಂದು ಇಂಚು ಮೇಲೆ ಇಟ್ಟು, ಕಿವಿಯ ಮೇಲಿನಿಂದ ಹಾಯಿಸಿ, ಹಿಂದಲೆಯ ಅತ್ಯಂತ ಉಬ್ಬಿದ ಭಾಗವನ್ನು ಬಳಸಿ ತನ್ನಿ. ಟೇಪು ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿನಲ್ಲಿ ಅಳೆಯಬಹುದು. ಎರಡು ಮೂರು ಸಲ ಅಳೆದು ದೊಡ್ಡ ಸಂಖ್ಯೆಯನ್ನು ಬರೆದುಕೊಳ್ಳಿ. ಜೊತೆಗೆ, ಮೇಲಿನಿಂದ ನಿಮ್ಮ ತಲೆಯ ಫೋಟೋ ಒಂದನ್ನು, ಕೂದಲನ್ನು ಒದ್ದೆ ಮಾಡಿ ಅಂಟಿಸಿಕೊಂಡು, ಮನೆಯವರಿಂದ ತೆಗೆಸಿ. ತಮಾಷೆಯೆನಿಸಬಹುದು, ಉದ್ದವೋ ದುಂಡೋ ಎಂಬುದು ಅದರಲ್ಲಿ ಕಾಣುವಷ್ಟು ಕನ್ನಡಿಯಲ್ಲಿ ಕಾಣುವುದಿಲ್ಲ.

ಅಂಗಡಿಯಲ್ಲಿ ಬೇಕಾಗುವುದು ಹಣಕ್ಕಿಂತ ಹೆಚ್ಚಾಗಿ ಸಂಕೋಚ ಬಿಡುವ ಧೈರ್ಯ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಂಜೆ ಹೊತ್ತು ಹೋದರೆ ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಅಂಗಡಿಯ ಹುಡುಗ ಹೆಲ್ಮೆಟ್ಟನ್ನು ತಲೆಗಿಟ್ಟು "ಕರೆಕ್ಟಾಗಿದೆ" ಎಂದು ತೆಗೆದೇ ಬಿಡುತ್ತಾನೆ. ವಾರದ ನಡುವೆ ಬೆಳಗ್ಗೆ ಹೋಗಿ. ಎರಡೂ ಪಟ್ಟಿಗಳನ್ನು ಹೊರಕ್ಕೆ ಎಳೆದು ಹಿಡಿದು ತಲೆಯನ್ನು ಒಳಗೆ ತೂರಿಸಿ. ಕಿವಿ ಮಡಚುವಷ್ಟು ಬಿಗಿ ಎನ್ನಿಸಿದರೆ ಗಾಬರಿಯಾಗಬೇಡಿ. ಯಾವ ಪ್ರಯಾಸವೂ ಇಲ್ಲದೆ ಟೋಪಿಯಂತೆ ಇಳಿದರೆ ಅದು ದೊಡ್ಡದಾಯಿತೆಂದೇ ಅರ್ಥ. ಒಳಗೆ ಹೋದ ಮೇಲೆ ನೆತ್ತಿಗೆ ಮೆತ್ತೆ ತಾಗಬೇಕು, ಮುಂಭಾಗದ ಅಂಚು ಹುಬ್ಬಿನ ತುಸು ಮೇಲೆಯೇ ನಿಲ್ಲಬೇಕು, ಕೆನ್ನೆಗಳು ಮೆತ್ತೆಯ ಒತ್ತಿಗೆ ಸ್ವಲ್ಪ ಉಬ್ಬಬೇಕು. ಅಗಿಯುವಂತೆ ದವಡೆ ಆಡಿಸಿದಾಗ ಕೆನ್ನೆಯ ಒಳಮೈ ಹಲ್ಲಿಗೆ ತಾಗುವುದು ಹೊಸ ಫುಲ್ ಫೇಸ್ ಹೆಲ್ಮೆಟ್ಟಿನಲ್ಲಿ ದೋಷವಲ್ಲ.

ಈಗ ಪಟ್ಟಿ ಬಿಗಿದು, ಗದ್ದಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ಮಾತ್ರ ಹೋಗುವಂತೆ ಮಾಡಿ, ಎರಡೂ ಕೈಯಿಂದ ಹೆಲ್ಮೆಟ್ಟನ್ನು ಹಿಡಿದು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಅಲುಗಿಸಿ. ಹಣೆಯ ಮತ್ತು ಕೆನ್ನೆಯ ಚರ್ಮ ಹೆಲ್ಮೆಟ್ಟಿನ ಜೊತೆಗೇ ಸರಿಯಬೇಕು. ಚರ್ಮ ನಿಂತಲ್ಲೇ ನಿಂತು ಹೆಲ್ಮೆಟ್ ಜಾರಿದರೆ ಕೆಳಗಿಡಿ. ಆಮೇಲೆ ಕೊನೆಯ ಪರೀಕ್ಷೆ: ತಲೆಯನ್ನು ತುಸು ಬಗ್ಗಿಸಿ, ಹಿಂಬದಿಯ ಅಂಚನ್ನು ಜೊತೆಗೆ ಬಂದವರಿಂದ ಮೇಲಕ್ಕೂ ಮುಂದಕ್ಕೂ ಬಲವಾಗಿ ತಳ್ಳಿಸಿ. ಕಳಚಿ ಬಂದರೆ, ಅಥವಾ ಕಣ್ಣು ಮುಚ್ಚುವಷ್ಟು ಉರುಳಿದರೆ, ಎಷ್ಟು ಚಂದದ ಬಣ್ಣವಿದ್ದರೂ ಅದು ನಿಮ್ಮದಲ್ಲ. ಯುರೋಪಿನ ಆ ಹತ್ತು ಕಿಲೋ ತೂಕದ ಪರೀಕ್ಷೆಯ ಬಡ ರೂಪ ಇದು. ನಮ್ಮ ಮಟ್ಟಿಗೆ ಸಾಕು.

ಇಷ್ಟೆಲ್ಲದರಲ್ಲಿ ತೇರ್ಗಡೆಯಾದದ್ದನ್ನು ಕಳಚಬೇಡಿ. ಹದಿನೈದು ಇಪ್ಪತ್ತು ನಿಮಿಷ ಹಾಗೆಯೇ ತೊಟ್ಟುಕೊಂಡು ಅಂಗಡಿಯಲ್ಲಿ ಓಡಾಡಿ. ಎಲ್ಲ ಕಡೆಯೂ ಒಂದೇ ಸಮನಾದ ಬಿಗಿ ಇದ್ದರೆ ಒಳ್ಳೆಯದು. ಯಾವುದೋ ಒಂದು ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದಂತೆ ನೋವು ಏಳುತ್ತಿದ್ದರೆ ಅದು ದಿನಕಳೆದಂತೆ ಹೋಗುವಂಥದ್ದಲ್ಲ. ಹೊಸ ಮೆತ್ತೆ ಕೆಲವು ವಾರಗಳಲ್ಲಿ ತಲೆಗೆ ಒಗ್ಗಿ ತುಸು ಸಡಿಲವಾಗುವುದು ನಿಜ, ಚಪ್ಪಲಿ ಒಗ್ಗಿದ ಹಾಗೆ. ಆದರೆ ಒಗ್ಗುವುದು ಮೆತ್ತೆ, ಅದರ ಹಿಂದಿನ ಥರ್ಮೋಕೋಲ್ ಒಗ್ಗುವುದಿಲ್ಲ. ಕೆಲವರು ಚಮಚದಿಂದ ಒತ್ತಿ ಥರ್ಮೋಕೋಲನ್ನು ತಗ್ಗು ಮಾಡಿಕೊಳ್ಳುವುದುಂಟು. ಪೆಟ್ಟು ಬಿದ್ದಾಗ ಜಜ್ಜಿಹೋಗಬೇಕಾದದ್ದನ್ನು ಮೊದಲೇ ಜಜ್ಜಿ ಮುಗಿಸಿದಂತೆ ಅದು.

ಅಗ್ಗದ ಹೆಲ್ಮೆಟ್ಟುಗಳ ಬಗ್ಗೆ ಒಂದು ಮಾತು. ಹಲವು ಮಾದರಿಗಳಲ್ಲಿ ಚಿಪ್ಪು ಎಲ್ಲ ಅಳತೆಗೂ ಒಂದೇ. ಮೀಡಿಯಂ ಮತ್ತು ಲಾರ್ಜ್ ನಡುವಿನ ವ್ಯತ್ಯಾಸವೆಲ್ಲ ಸ್ಪಂಜಿನ ದಪ್ಪದಲ್ಲಿಯೇ ಇರುತ್ತದೆ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಮಳೆಗಾಲದ ತೇವ ಇವೆಲ್ಲ ಸೇರಿ ಎರಡು ವರ್ಷದಲ್ಲಿ ಆ ಸ್ಪಂಜು ಹಪ್ಪಳವಾಗುತ್ತದೆ, ಮೀಡಿಯಂ ತಾನಾಗಿ ಲಾರ್ಜ್ ಆಗುತ್ತದೆ. ತೊಳೆಯಲು ಬಿಚ್ಚಬಹುದಾದ, ಬಿಡಿಯಾಗಿ ಕೊಳ್ಳಬಹುದಾದ ಮೆತ್ತೆಯಿರುವ ಹೆಲ್ಮೆಟ್ಟಿಗೆ ಇನ್ನೂರು ಮುನ್ನೂರು ಹೆಚ್ಚು ಕೊಡುವುದರಲ್ಲಿ ನಷ್ಟವಿಲ್ಲ.

ಕನ್ನಡಕ ಇರುವವರು ಕನ್ನಡಕ ತೊಟ್ಟೇ ಪರೀಕ್ಷಿಸಬೇಕು. ಅದರ ಕಡ್ಡಿಗಳು ಕಿವಿಯ ಮೇಲೆ ನೇರವಾಗಿ ಒಳಹೋಗುವಂತಿರಬೇಕು. ಹೆಂಗಸರ ಪಾಡು ಇದಕ್ಕಿಂತ ಕಷ್ಟದ್ದು, ಅದನ್ನು ಯಾರೂ ಗಣಿಸಿದಂತೆ ಕಾಣುವುದಿಲ್ಲ. ತುರುಬು ಕಟ್ಟಿದರೆ ಹೆಲ್ಮೆಟ್ಟಿನ ಹಿಂಭಾಗ ತುರುಬಿನ ಮೇಲೆ ಕೂರುತ್ತದೆ, ಮುಂಭಾಗ ಹಣೆಗೆ ಇಳಿಯುತ್ತದೆ. ಅದರ ಪರಿಹಾರವೆಂದು ದೊಡ್ಡ ಅಳತೆ ಕೊಂಡರೆ ಮೊದಲಿನ ತೊಂದರೆ ಮರಳಿ ಬರುತ್ತದೆ. ಕುತ್ತಿಗೆಯ ಬಳಿ ಕೆಳಗೆ ಕಟ್ಟಿದ ಸಡಿಲ ಜಡೆಯಷ್ಟೇ ಹೆಲ್ಮೆಟ್ಟಿನೊಂದಿಗೆ ಹೊಂದಿಕೊಳ್ಳುತ್ತದೆ. ಹೂವು ಮುಡಿಯುವವರು ಹೋಗಬೇಕಾದ ಕಡೆ ತಲುಪಿದ ಮೇಲೆ ಮುಡಿಯಬೇಕಾದೀತು ಎಂದು ಹೇಳಲು ನನಗೂ ಬೇಸರವೇ. ಯಾವ ಜಡೆಯಲ್ಲಿ, ಯಾವ ಬಟ್ಟೆಯ ಟೋಪಿಯನ್ನು ಒಳಗೆ ತೊಟ್ಟು ದಿನವೂ ಓಡಿಸುತ್ತೀರೋ, ಹಾಗೆಯೇ ಅಂಗಡಿಗೆ ಹೋಗಿ.

ಇನ್ನು ಮನೆಯ ಎರಡನೆಯ ಹೆಲ್ಮೆಟ್. ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದ ಮೇಲೆ ಪ್ರತಿ ಮನೆಯಲ್ಲೂ ಇಂಥದ್ದೊಂದು ಇದೆ. ಗಾಡಿ ಕೊಳ್ಳುವಾಗ ಹೆಲ್ಮೆಟ್ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದರಿಂದ, ಷೋರೂಮಿನವರು ಕೈಗೆ ಬಂದ ಅಳತೆಯದೊಂದನ್ನು ಕೊಟ್ಟಿರುತ್ತಾರೆ. ಅದು ಕೊಡೆಯಂತೆ ಬಾಗಿಲ ಹಿಂದಿನ ಮೊಳೆಗೆ ತೂಗುತ್ತ, ಆ ದಿನ ಹಿಂದೆ ಕೂರುವವರು ಅತ್ತೆಯೋ, ಮಗಳೋ, ಊರಿನಿಂದ ಬಂದ ಭಾವಮೈದುನನೋ, ಅವರ ತಲೆಗೇರುತ್ತದೆ. ಬಿದ್ದಾಗ ಹೆಚ್ಚು ದೂರ ಎಸೆಯಲ್ಪಡುವುದು ಅನೇಕ ಸಲ ಹಿಂದೆ ಕೂತವರೇ, ಏಕೆಂದರೆ ಅವರಿಗೆ ಹಿಡಿಯಲು ಹ್ಯಾಂಡಲ್ ಇಲ್ಲ. ದಿನವೂ ಹಿಂದೆ ಕೂರುವವರು ಒಬ್ಬರೇ ಆದರೆ ಆ ಎರಡನೆಯದನ್ನು ಅವರ ತಲೆಗೆ ನೋಡಿ ಕೊಳ್ಳಿ, ಅವರನ್ನೇ ಅಂಗಡಿಗೆ ಕರೆದೊಯ್ದು.

ಸಭೆಯಲ್ಲಿದ್ದ ತಾಯಿಯೊಬ್ಬರು ಈಗ ಚೀಟಿ ಕಳಿಸಿದ್ದಾರೆ: ಮಗನಿಗೆ ಏಳು ವರ್ಷ, ಹೇಗೂ ಬೆಳೆಯುತ್ತಾನೆ, ಒಂದು ಅಳತೆ ದೊಡ್ಡದನ್ನು ಕೊಂಡರೆ ಎರಡು ವರ್ಷ ಬಂದೀತಲ್ಲವೇ ಎಂದು. ಶಾಲೆಯ ಸಮವಸ್ತ್ರಕ್ಕೆ ಈ ಲೆಕ್ಕ ಸರಿ. ಅಂಚು ಮಡಚಿ ಹೊಲಿಸಿ, ಬೆಳೆದಂತೆ ಬಿಚ್ಚಬಹುದು. ಹೆಲ್ಮೆಟ್ಟಿನಲ್ಲಿ ಮಡಚಲು ಏನೂ ಇಲ್ಲ. ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಕಾನೂನು ದೊಡ್ಡವರಷ್ಟೇ ಕಡ್ಡಾಯವಾಗಿ ಹೆಲ್ಮೆಟ್ ಕೇಳುತ್ತದೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೂ 2022ರ ಫೆಬ್ರವರಿಯಲ್ಲಿ ಪ್ರಕಟವಾದ ತಿದ್ದುಪಡಿ ಹೆಲ್ಮೆಟ್ಟನ್ನೂ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿಯನ್ನೂ ಸೂಚಿಸಿದೆ. ಮಕ್ಕಳ ಅಳತೆಯವು ಬೇರೆಯೇ ಸಿಗುತ್ತವೆ, ಮತ್ತು ಹಗುರವಾದದ್ದನ್ನೇ ಹುಡುಕಬೇಕು, ಏಕೆಂದರೆ ಆ ಕುತ್ತಿಗೆ ಹೊರುವ ಭಾರ ಅಷ್ಟೇ. ಅಮ್ಮ, ಈಗಿನ ತಲೆಗೆ ಸರಿಯಾದದ್ದನ್ನೇ ಕೊಳ್ಳಿ; ಆರು ತಿಂಗಳಿಗೊಮ್ಮೆ ದಾರ ಸುತ್ತಿ ಅಳೆಯಿರಿ. ಬಿಗಿಯಾದಾಗ, ಪೆಟ್ಟು ತಿಂದಿರದ ಆ ಹೆಲ್ಮೆಟ್ ಪಕ್ಕದ ಮನೆಯ ಚಿಕ್ಕ ತಲೆಗೆ ಆದೀತು, ಹಿಂದಿನಿಂದ ತಳ್ಳಿ ನೋಡಿದ ಮೇಲೆ.